ಬಸ್ ಬೆಂಚು

ನಮ್ಮ ಶಾಲೆಯ ಹತ್ತನೇ ತರಗತಿಯಲ್ಲಿ ಬಾಗಿಲ ಪಕ್ಕದ ಎರಡು ಬೆಂಚುಗಳಿಗೆ ಬಸ್ ಬೆಂಚು ಅಂತಲೇ ಹೆಸರು. ಉಳಿದ ಮಕ್ಕಳು ಎತ್ತರ ನೋಡಿಯೋ ಗೆಳೆತನ ನೋಡಿಯೋ ಕೂರುತ್ತಾರೆ. ಈ ಎರಡರಲ್ಲಿ ಕೂರುವವರು ಉಜ್ಜಿನಿ ಕಡೆಯಿಂದ ಬಸ್ಸಿಗೆ ಬರುವ ಏಳು ಹುಡುಗಿಯರು. ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮ ಇವರಿಗಿಲ್ಲ. ಬೆಂಚಿನ ಕೆಳಗೇ ಇಟ್ಟುಕೊಳ್ಳಬಹುದು. ಕೊಟ್ಟೂರಿನಿಂದ ಹೊರಟ ಬಸ್ಸು ನಮ್ಮೂರ ಸರ್ಕಲ್ಲಿಗೆ ನಾಲ್ಕೂ ಹತ್ತಕ್ಕೆ ಬರುತ್ತದೆ. ಅದರ ನಂತರದ್ದು ಕತ್ತಲಾದ ಮೇಲೆಯೇ. ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ. ಹಾಗಾಗಿ ನಾಲ್ಕಕ್ಕೆ ಐದು ನಿಮಿಷ ಇರುವಾಗ ಆ ಬೆಂಚುಗಳ ಕೆಳಗೆ ಕಾಲುಗಳು ಚಪ್ಪಲಿ ಹುಡುಕತೊಡಗುತ್ತವೆ. ಮೇಷ್ಟರು ಬೋರ್ಡಿನ ಕಡೆ ತಿರುಗಿದಾಗ ಏಳೂ ಜನ ಸದ್ದಿಲ್ಲದೆ ಎದ್ದು ಹೋಗುತ್ತಾರೆ. ಯಾರೂ ತಡೆಯುವುದಿಲ್ಲ. ನಾನು ಈ ಶಾಲೆಗೆ ಬಂದು ಆರು ವರ್ಷವಾಯಿತು. ಬಂದಾಗಲೂ ಹೀಗೇ ಇತ್ತು.

ಅವರು ಎದ್ದು ಹೋಗುವುದು ಯಾವಾಗಲೂ ಗಣಿತದ ಪಿರಿಯಡ್ಡಿನಿಂದ. ನಮ್ಮಲ್ಲಿ ಗಣಿತದ ಹುದ್ದೆ ಖಾಲಿ ಇದೆ. ಕೋಗಳಿ ಕಡೆಯ ಇನ್ನೊಂದು ಶಾಲೆಯ ಮೌನೇಶ್ ಸರ್ ನಿಯೋಜನೆಯ ಮೇಲೆ ಬರುತ್ತಾರೆ. ಅಲ್ಲಿ ಪಾಠ ಮುಗಿಸಿ, ಬೈಕಿನಲ್ಲಿ ಇಲ್ಲಿಗೆ ಬಂದು, ಮುಖ ತೊಳೆದುಕೊಳ್ಳುವಷ್ಟರಲ್ಲಿ ಮೂರು ಗಂಟೆ. ಉಳಿಯುವುದು ಕೊನೆಯ ಎರಡು ಪಿರಿಯಡ್ಡು. ಒಂದು ಒಂಬತ್ತನೆಯವರಿಗೆ, ಒಂದು ಹತ್ತನೆಯವರಿಗೆ. ಒಮ್ಮೆ ಹಿಂದುಮುಂದು ಮಾಡಿ ನೋಡಿದೆ. ಆಗ ಒಂಬತ್ತನೇ ತರಗತಿಯ ಬಸ್ಸಿನ ಮಕ್ಕಳು ಎದ್ದು ಹೋದರು. ಬಸ್ಸಿನ ವೇಳೆ ಇಪ್ಪತ್ತು ನಿಮಿಷ ಮುಂದಕ್ಕೆ ಹಾಕಿ ಎಂದು ಪ್ರತಿ ಜೂನಿನಲ್ಲೂ ಅರ್ಜಿ ಬರೆಯುತ್ತೇವೆ. ಕಳೆದ ವರ್ಷದ ಅರ್ಜಿಯನ್ನೇ ನೋಡಿಕೊಂಡು, ಇಸವಿಯೊಂದನ್ನು ಬದಲಿಸಿ.

ಜುಲೈ ಪರೀಕ್ಷೆಯ ಗಣಿತದ ಉತ್ತರ ಪತ್ರಿಕೆಗಳನ್ನು ಮೌನೇಶ್ ಸರ್ ನನ್ನ ಮೇಜಿನ ಮೇಲಿಟ್ಟು ಹೋದ ದಿನ ಬಸ್ ಬೆಂಚಿನ ಅಸ್ಮಾಳ ಪತ್ರಿಕೆ ನನ್ನ ಕಣ್ಣಿಗೆ ಬಿತ್ತು. ನಾನು ಗಣಿತದವಳಲ್ಲ, ಸಮಾಜ ವಿಜ್ಞಾನದವಳು. ಆದರೂ ಅದರಲ್ಲಿ ಏನೋ ವಿಚಿತ್ರವಿತ್ತು. ಐದು ಲೆಕ್ಕ. ಐದನ್ನೂ ದುಂಡಗೆ, ತಪ್ಪಿಲ್ಲದೆ ಶುರು ಮಾಡಿದ್ದಳು. ಐದೂ ನಡುವೆ ನಿಂತಿದ್ದವು. ಪ್ರತಿಯೊಂದರ ಕೆಳಗೆ ಜಾಗ ಬಿಟ್ಟಿದ್ದಳು, ಮುಂದೆ ಯಾರಾದರೂ ಬಂದು ತುಂಬುತ್ತಾರೆ ಎನ್ನುವ ಹಾಗೆ. ಕರೆದು ಕೇಳಿದೆ, ಸಮಯ ಸಾಲಲಿಲ್ಲವೇ ಎಂದು.

"ಸಮಯ ಇತ್ರಿ ಮಿಸ್," ಅಂದಳು. "ಮುಂದಿಂದು ನಾವು ನೋಡಿಲ್ಲ."

ಉಳಿದ ಆರು ಜನರ ಪತ್ರಿಕೆಗಳನ್ನೂ ತೆಗೆದು ನೋಡಿದೆ. ಕೆಲವರು ಕೊನೆಯ ಉತ್ತರವನ್ನು ಮಾತ್ರ ಬಾಯಿಪಾಠ ಮಾಡಿ ಬರೆದಿದ್ದರು, ನಡುವಿನ ಹೆಜ್ಜೆಗಳಿರಲಿಲ್ಲ. ಎಲ್ಲ ಲೆಕ್ಕಗಳೂ ಸುಮಾರು ಒಂದೇ ಜಾಗದಲ್ಲಿ ನಿಂತಿದ್ದವು, ಪಿರಿಯಡ್ಡು ಶುರುವಾಗಿ ಹದಿನೈದು ನಿಮಿಷಕ್ಕೆ ಅವರು ಎದ್ದು ಹೋಗುವ ಜಾಗದಲ್ಲಿ. ಮಾರ್ಚಿನ ಪರೀಕ್ಷೆಯಲ್ಲೂ ಅವು ಅಲ್ಲಿಯೇ ನಿಲ್ಲುತ್ತವೆ ಎಂದು ಅಂದೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಏನು ಮಾಡಬೇಕೆಂದೂ ತೋಚಲಿಲ್ಲ.

ಆಗಸ್ಟಿನಲ್ಲಿ ಸುತ್ತೋಲೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳಿಂದ ಹನ್ನೆರಡು ಸರ್ಕಾರಿ ಪ್ರೌಢಶಾಲೆಗಳನ್ನು ಒಂದು ಪ್ರಯೋಗಕ್ಕೆ ಆರಿಸಿದ್ದರು. ನಮ್ಮದೂ ಅದರಲ್ಲಿತ್ತು. ಶಾಲೆಯ ವೇಳೆಯನ್ನು ಮುಟ್ಟುವಂತಿಲ್ಲ, ಅದು ಎಲ್ಲ ಕಡೆಗೂ ಒಂದೇ. ಆದರೆ ನೇರವಾಗಿ ಶಾಲೆಯ ಖಾತೆಗೆ ಅನುದಾನ ಬರುತ್ತದೆ. ಅದನ್ನು ಯಾವುದಕ್ಕೆ ಬಳಸಬೇಕೆಂದು ಶಾಲಾಭಿವೃದ್ಧಿ ಸಮಿತಿಯೇ ನಿರ್ಧರಿಸಬಹುದು. ಹುದ್ದೆ ಖಾಲಿ ಇದ್ದರೆ ವಿಷಯ ಶಿಕ್ಷಕರನ್ನು ಸಮಿತಿಯೇ ಆರಿಸಿಕೊಳ್ಳಬಹುದು, ಮುಖ್ಯೋಪಾಧ್ಯಾಯರು ಆದೇಶ ಕೊಡಬಹುದು. ನಾಲ್ಕನೇ ಪುಟದಲ್ಲಿ ಒಂದು ವಾಕ್ಯವಿತ್ತು: ಇದಕ್ಕೆ ಪೂರ್ವಾನುಮತಿಯ ಅಗತ್ಯವಿಲ್ಲ. ಆ ವಾಕ್ಯವನ್ನು ಮನೆಗೆ ಒಯ್ದು, ಊಟವಾದ ಮೇಲೆ ಮತ್ತೊಮ್ಮೆ ಓದಿದೆ. ಬೆಳಿಗ್ಗೆ ಮತ್ತೆ ಓದಿದೆ. ಅದು ಹಾಗೆಯೇ ಇತ್ತು.

ನಾನು ಪ್ರಭಾರ ಮುಖ್ಯೋಪಾಧ್ಯಾಯಿನಿ. ಖಾಯಂ ಆದವರು ಬರುವವರೆಗೆ ಕುರ್ಚಿ ನೋಡಿಕೊಳ್ಳುವವಳು ಎಂದಷ್ಟೇ ಅದರ ಅರ್ಥ.

ಸಮಿತಿಯ ಸಭೆ ಅದೇ ವಾರ ಸೇರಿತು. ಅಧ್ಯಕ್ಷರು ಖಾಜಾಸಾಬ್, ಅಸ್ಮಾಳ ತಂದೆ. ಉಜ್ಜಿನಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು ಇಟ್ಟಿದ್ದಾರೆ. ಅವರು ಸುತ್ತೋಲೆಯನ್ನು ಓದಿಸಿಕೊಂಡು ಕೇಳಿ, ಗಣಿತಕ್ಕೆ ಒಬ್ಬರು ಬೇಕು, ಬೆಳಿಗ್ಗೆ ಹೊತ್ತಿಗೆ ಪಾಠ ಮಾಡುವವರು ಬೇಕು, ಬೇರೆ ಮಾತೇ ಬೇಡ ಎಂದರು. ಯಾರೂ ಬೇರೆ ಮಾತಾಡಲಿಲ್ಲ. ಮೂರು ಜನ ಅರ್ಜಿ ಹಾಕಿದರು. ಮೂವರಿಂದಲೂ ಹತ್ತನೇ ತರಗತಿಯಲ್ಲಿ ಒಂದೊಂದು ಪಾಠ ಮಾಡಿಸಿದೆವು. ಸಮಿತಿಯವರು ನೋಡಲು ಬಂದು ಜಾಗ ಸಾಲದೆ ಬಸ್ ಬೆಂಚಿನಲ್ಲೇ ಮಕ್ಕಳ ಜೊತೆ ಒತ್ತಿಕೊಂಡು ಕೂತಿದ್ದರು.

ಮೂರನೆಯವಳು ಕ್ರಾಂತಿ, ಹರಪನಹಳ್ಳಿ ತಾಲೂಕಿನ ತೆಲಿಗಿಯವಳು. ಎಂ.ಎಸ್ಸಿ., ಬಿ.ಎಡ್. ಆಗಿತ್ತು. ಅವಳು ಬೋರ್ಡಿನ ಮೇಲೆ ಏನನ್ನೂ ಬರೆಯುವ ಮೊದಲು ಮಕ್ಕಳ ನೋಟ್‌ಬುಕ್ಕುಗಳನ್ನು ತಿರುವಿ ನೋಡಿದಳು. ಬಸ್ ಬೆಂಚಿನ ಹತ್ತಿರ ಹೆಚ್ಚು ಹೊತ್ತು ನಿಂತಳು. ಆಮೇಲೆ ಬೋರ್ಡಿನ ತೀರಾ ಕೆಳಗೆ, ಬಗ್ಗಿ, ಉತ್ತರವನ್ನು ಬರೆದಳು. ಇದು ಎಲ್ಲಿಂದ ಬಂತು ಎಂದು ಕೇಳಿದಳು. ಅದರ ಮೇಲಿನ ಸಾಲು, ಅದರ ಮೇಲಿನದು, ಹೀಗೆ ಲೆಕ್ಕವನ್ನು ಬುಡದಿಂದ ಹತ್ತಿಸಿಕೊಂಡು ಹೋದಳು. ನಡುವೆ ಒಂದು ಕಡೆ ಅಸ್ಮಾ ಎದ್ದು ನಿಂತು, ಇಲ್ಲಿಂದ ಮೇಲಿನದು ನಮಗ ಗೊತ್ತೈತ್ರಿ ಎಂದಳು. ಹಾಗಾದರೆ ನೀನೇ ಬಾ ಎಂದು ಕ್ರಾಂತಿ ಸೀಮೆಸುಣ್ಣ ಕೊಟ್ಟಳು. ಖಾಜಾಸಾಬ್ ಮಗಳ ಬೆನ್ನನ್ನೇ ನೋಡುತ್ತ ಕೂತಿದ್ದರು. ಅವಳನ್ನೇ ಆರಿಸಿಕೊಳ್ಳುವ ಠರಾವು ಅಂದೇ ಆಯಿತು. ಒಂಬತ್ತು ಸದಸ್ಯರು ಸಹಿ ಹಾಕಿದರು. ಹತ್ತನೆಯವರಾದ ಪಕ್ಕೀರಮ್ಮ ಹೆಬ್ಬೆಟ್ಟು ಒತ್ತಿದರು.

ಉಳಿದದ್ದು ಆದೇಶ. ಅದನ್ನು ನಾನು ಬರೆಯಬೇಕಿತ್ತು.

ಬರೆಯಲು ಕೂತವಳು ಮೂರು ಸಲ ಕಾಗದ ಬದಲಿಸಿದೆ. ನನಗಿಂತ ಮೊದಲಿದ್ದ ಹೆಡ್‌ಮಾಸ್ಟರು ಹುಡುಗಿಯರ ಶೌಚಾಲಯದ ಮುರಿದ ಬಾಗಿಲನ್ನು ಕೇಳದೆ ಹಾಕಿಸಿದ್ದರು. ನಿವೃತ್ತಿಯ ಹೊತ್ತಿಗೆ ಆಡಿಟ್ ಆಕ್ಷೇಪಣೆ ಬಂದು ಅದು ಅವರ ಪಿಂಚಣಿಯಲ್ಲಿ ವಸೂಲಿಯಾಯಿತು. ಬಾಗಿಲು ಈಗಲೂ ಇದೆ, ಗಟ್ಟಿಯಾಗಿಯೇ ಇದೆ. ಇನ್ನೊಂದು, ನನ್ನ ಅಪ್ಪನ ಮಾತು. ಅಪ್ಪ ಗಾಳೆಪ್ಪ ಕೂಡ್ಲಿಗಿಯ ಕಚೇರಿಯೊಂದರಲ್ಲಿ ಜವಾನನಾಗಿದ್ದವನು. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಮನೆ ನಮ್ಮದು. ನನಗೆ ನೌಕರಿಯ ಆದೇಶ ಬಂದ ದಿನ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದ: "ಏನ ಮಾಡಿದ್ರೂ ಕೇಳಿ ಮಾಡವ್ವ ಪ್ರಿಯಾ. ಬ್ಯಾರೇದೋರು ಕೇಳದ ಮಾಡಿದ್ರ ತಪ್ಪು ಅಂತಾರ. ನಾವು ಕೇಳದ ಮಾಡಿದ್ರ ಕಳವು ಅಂತಾರ."

ನಾಲ್ಕನೇ ಕಾಗದದಲ್ಲಿ ನಾನು ಬರೆದದ್ದು ಆದೇಶವಲ್ಲ. ಈ ಯೋಜನೆಗೆಂದು ಐದೂ ತಾಲೂಕಿಗೆ ಸೇರಿ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕಚೇರಿ ತೆರೆದಿದ್ದರು, ಅಲ್ಲಿಗೆ ಪತ್ರ ಬರೆದೆ. ಸುತ್ತೋಲೆಯ ಸಂಖ್ಯೆ, ದಿನಾಂಕ, ಠರಾವಿನ ಪ್ರತಿ, ಎಲ್ಲ ಲಗತ್ತಿಸಿ, ಸದರಿ ನೇಮಕಕ್ಕೆ ಅನುಮತಿ ನೀಡಬೇಕಾಗಿ ಕೋರಿದೆ. ಬರೆದು ಮುಗಿಸಿದಾಗ ಕೈ ಹಗುರಾಯಿತು. ಜವಾನ ಪಾಲಾಕ್ಷ ಅಂದೇ ಹಗರಿಬೊಮ್ಮನಹಳ್ಳಿಗೆ ಹೊರಟಿದ್ದ. ಅವನ ಕೈಗೆ ಕೊಟ್ಟೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದ. ಆ ಮುದ್ರೆಯನ್ನು ನೋಡಿದಾಗ ನನಗೆ ಅರ್ಥವಾಗಲು ಶುರುವಾಯಿತು, ನಾನು ಏನು ಮಾಡಿದ್ದೇನೆ ಎಂದು. ಯಾರಿಗೂ ಹೇಳಲಿಲ್ಲ.

ಒಂದು ವಾರ ಹೋಯಿತು, ಇನ್ನೊಂದು ವಾರ ಹೋಯಿತು. ಟಪಾಲಿನ ಹೊತ್ತಿಗೆ ಕಿಟಕಿಯ ಹತ್ತಿರ ಯಾಕೆ ನಿಲ್ಲುತ್ತೇನೆಂದು ಸಹೋದ್ಯೋಗಿಗಳು ಕೇಳಿದರೆ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದೆ. ಫೋನು ಬಂದರೆ ಮೊದಲು ಹೆಸರು ನೋಡಿ, ಕ್ರಾಂತಿಯದಾಗಿದ್ದರೆ ಎರಡು ಸಲ ರಿಂಗಾಗಲು ಬಿಟ್ಟು, ಮಾತು ಜೋಡಿಸಿಕೊಂಡು ಎತ್ತುತ್ತಿದ್ದೆ. ಖಾಜಾಸಾಬ್ ಒಂದು ದಿನ ಬಿಡಿಭಾಗಕ್ಕೆಂದು ಕೊಟ್ಟೂರಿಗೆ ಹೋಗುವಾಗ ಶಾಲೆಗೆ ಬಂದು, ಮೇಡಂನೋರ ಎಲ್ಲಿಗೆ ಬಂತು ಎಂದು ಕೇಳಿದರು. ಕೆಲಸ ನಡೆದಿದೆ ಎಂದೆ. ತಲೆ ಆಡಿಸಿ ಹೋದರು. ಆ ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ. ಕೊನೆಯ ಪಿರಿಯಡ್ಡಿನಲ್ಲಿ ವರಾಂಡದಲ್ಲಿ ಅಡ್ಡಾಡುತ್ತಿದ್ದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಾಲುಗಳು ಚಪ್ಪಲಿ ಹುಡುಕುವುದನ್ನು ಎಣಿಸುವವಳಂತೆ ನೋಡುತ್ತಿದ್ದೆ.

ಗುರುವಾರ ಸಂಜೆ ಕ್ರಾಂತಿ ಮತ್ತೆ ಫೋನು ಮಾಡಿದಳು. ಹರಪನಹಳ್ಳಿಯ ಒಂದು ಖಾಸಗಿ ಶಾಲೆಯವರು ಕರೆದಿದ್ದರು.

"ಸೋಮವಾರ ಜಾಯಿನ್ ಆಗು ಅಂತಿದಾರೆ ಮೇಡಂ. ಶನಿವಾರದೊಳಗೆ ಹೇಳ್ಬೇಕು," ಅಂದಳು. "ನಿಮ್ ಶಾಲೆಗೆ ಬರೋಕೆ ನಂಗೆ ಇಷ್ಟ. ಆದ್ರೆ ಆಗುತ್ತೋ ಇಲ್ವೋ ಅಷ್ಟು ಹೇಳ್ರಿ ಸಾಕು."

ಶನಿವಾರ ಬೆಳಿಗ್ಗೆ ಹೇಳುತ್ತೇನೆ ಎಂದೆ.

ಶುಕ್ರವಾರ ರಜೆ ಹಾಕಿ ಹಗರಿಬೊಮ್ಮನಹಳ್ಳಿಗೆ ಹೋದೆ. ಕಚೇರಿಯ ಸೂಪರಿಂಟೆಂಡೆಂಟ್ ಕರಿಸಿದ್ದಪ್ಪನವರು ಕನ್ನಡಕದ ಮೇಲಿನಿಂದ ನೋಡಿ, ಬರ್ರಿ ಕೂಡ್ರಿ ಎಂದರು. ನನ್ನ ಕಡತ ಅವರ ಮೇಜಿನ ಮೇಲೇ ಇತ್ತು. ನನ್ನ ಅಕ್ಷರ ನನಗೆ ದೂರದಿಂದಲೇ ಗೊತ್ತಾಯಿತು. ನಾನು ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು.

"ನೀವು ಕೇಳಿದ್ರಿ," ಅಂದರು. "ಕೇಳಿದ ಮ್ಯಾಲೆ ಉತ್ತರ ಕೊಡಬೇಕು. ಅನುಮತಿ ಕೊಡೋ ಅಧಿಕಾರ ನನಗಿಲ್ಲ, ಸಾಹೇಬ್ರಿಗೂ ಇಲ್ಲ. ಯಾಕಂದ್ರ ಅದು ಈಗ ನಿಮ್ಮ ಹತ್ರ ಐತಿ. ನಮ್ಮ ಹತ್ರ ಇಲ್ಲದ್ದನ್ನ ನಿಮಗ ಹೆಂಗ ಕೊಡೋಣ್ರಿ? ಅದಕ್ಕ ಮ್ಯಾಲಿನೋರಿಗೆ ಬರದೀವಿ."

"ಕೇಳದೇ ಇದ್ದಿದ್ದರೆ?"

"ಕೇಳದಿದ್ರ ನನಗ ಗೊತ್ತ ಆಗ್ತಿರಲಿಲ್ಲ. ವರ್ಷದ ಕೊನೀಗೆ ನಿಮ್ಮ ವರದಿ ಬರ್ತಿತ್ತು, ಫೈಲಿಗೆ ಹಾಕ್ತಿದ್ದೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವೊಬ್ರ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಹನ್ನೆರಡು ಶಾಲ್ಯಾಗ ಒಂಬತ್ತು ಕೇಳ್ಯಾವ. ಒಬ್ಬ ಹೆಡ್‌ಮಾಸ್ಟರಂತೂ, ಅನುಮತಿ ಬೇಕಾಗಿಲ್ಲ ಅಂತ ಬರದದ್ದು ಖರೇನ ಅಂತ ತಿಳ್ಕೊಳ್ಳಾಕ ಅನುಮತಿ ಕೇಳ್ಯಾರ."

ನಗಬೇಕೆನಿಸಿತು, ನಗು ಬರಲಿಲ್ಲ. ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳಿದೆ. ನಂಬರು ಬಿದ್ದಾಗಿದೆ, ನಂಬರು ಬಿದ್ದ ಕಾಗದ ಎಲ್ಲಿಗೂ ಹೋಗುವುದಿಲ್ಲ ಎಂದರು. ಆಮೇಲೆ, "ಮತ್ತ ಹಿಂದಕ್ಕ ತಗೊಳ್ಳಾಕ ಅನುಮತಿ ಬೇಕು ಅಂತ ಇನ್ನೊಂದು ಬರದೀರಿ," ಎಂದು ತಾವೇ ನಕ್ಕರು.

ಅವರ ಮುಂದೆ ಒಂದು ಟೈಪಾದ ಹಾಳೆ ಇತ್ತು. ಪರೀಕ್ಷಾ ಕೊಠಡಿಗಳಲ್ಲಿ ಎದುರಿಗೆ ನಿಂತು ತಲೆಕೆಳಗಾದ ಉತ್ತರ ಪತ್ರಿಕೆ ಓದುವುದು ನನಗೆ ರೂಢಿ. ನಮ್ಮ ಶಾಲೆಯ ಹೆಸರಿತ್ತು. ಕೆಳಗೆ, ಮೇಲಿನಿಂದ ಸ್ಪಷ್ಟೀಕರಣ ಬರುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು ಎಂದಿತ್ತು. ದಿನಾಂಕದ ಜಾಗ ಖಾಲಿ ಇತ್ತು, ಸಹಿಯ ಜಾಗವೂ ಖಾಲಿ ಇತ್ತು.

ಸಾಹೇಬರು ರಜೆಯಲ್ಲಿದ್ದಾರೆ, ಸೋಮವಾರ ಬಂದು ಸಹಿ ಹಾಕುತ್ತಾರೆ ಎಂದು ಕರಿಸಿದ್ದಪ್ಪನವರು ಹೇಳಿದರು. ಹೇಳಿ ಚಹಾ ತರಿಸಿದರು. ಅಂದರೆ ಅದಕ್ಕಿಂತ ಮೊದಲು ನಾನು ಆದೇಶ ಕೊಟ್ಟರೆ ಅದು ಕೊಟ್ಟ ಹಾಗೆಯೇ, ಈ ಹಾಳೆ ಅದನ್ನು ತಡೆಯಲಾರದು. ನಾಳೆ ಯಾರಾದರೂ ತಗಾದೆ ತೆಗೆದರೆ, ಅನುಮತಿ ಕೇಳಿ, ಬರುವ ಮೊದಲೇ ನೇಮಿಸಿಕೊಂಡವಳು ಎಂದು ನನ್ನದೇ ಪತ್ರ ತೋರಿಸುತ್ತಾರೆ. ಕ್ರಾಂತಿಯ ಸಂಬಳವೆಲ್ಲ ನನ್ನ ಸಂಬಳದಲ್ಲಿ ವಸೂಲಿ. ಅನುಮತಿ ಕೇಳದೇ ಇದ್ದಿದ್ದರೆ ನಾಲ್ಕನೇ ಪುಟದ ಆ ವಾಕ್ಯ ನನ್ನನ್ನು ಕಾಯುತ್ತಿತ್ತು. ಕರಿಸಿದ್ದಪ್ಪನವರು ಸೋಮವಾರದ ಮಾತನ್ನು ಬೇಕೆಂದೇ ಹೇಳಿದರೋ ಎಂದು ಕೊಟ್ಟೂರು ಬರುವವರೆಗೂ ಯೋಚಿಸಿದೆ. ಅವರು ನನಗೆ ಚಹಾ ಮಾತ್ರ ಕೊಟ್ಟರು ಎಂದು ಕೊನೆಗೆ ತೀರ್ಮಾನಿಸಿದೆ.

ಕೊಟ್ಟೂರಿನಲ್ಲಿ ಸಿಕ್ಕಿದ್ದು ಉಜ್ಜಿನಿ ಬಸ್ಸು, ಅದೇ ಬಸ್ಸು. ನಾಲ್ಕೂ ಹತ್ತಕ್ಕೆ ನಮ್ಮೂರ ಸರ್ಕಲ್ಲಿನಲ್ಲಿ ನಿಂತಾಗ ಇಳಿಯಲು ಎದ್ದೆ. ಬಾಗಿಲಲ್ಲಿ ಏಳು ಹುಡುಗಿಯರು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅಸ್ಮಾಳ ಕೈಯಲ್ಲಿ ಪೆನ್ನು ಹಾಗೇ ಇತ್ತು, ಮುಚ್ಚಳ ಹಾಕಿರಲಿಲ್ಲ. ನನ್ನನ್ನು ಕಂಡು ಎಲ್ಲರೂ ತಪ್ಪು ಮಾಡಿದವರ ಹಾಗೆ ನಿಂತುಬಿಟ್ಟರು. ಆರು ವರ್ಷದಲ್ಲಿ ನಾನು ಬಸ್ ಬೆಂಚಿನವರನ್ನು ಬಾಗಿಲಿನಿಂದ ಹೊರಗೆ ಹೋಗುವವರೆಗೆ ಮಾತ್ರ ನೋಡಿದ್ದೆ.

ಇಂದು ಲೆಕ್ಕ ಎಲ್ಲಿಗೆ ನಿಂತಿತು ಎಂದು ಕೇಳಿದೆ.

"ಎರಡನೇ ಹೆಜ್ಜಿಗೆ ಮಿಸ್," ಅಂದಳು ಅಸ್ಮಾ. "ಸರ್ ಇನ್ನ ಬರಿಯಾಕತ್ತಿದ್ರು."

ಕಂಡಕ್ಟರ್ ಇಳೀತೀರೋ ಇಲ್ಲೋ ಎಂದು ಕೇಳಿದ. ಮತ್ತೆ ಕೂತೆ. ಉಜ್ಜಿನಿಗೆ ಟಿಕೆಟ್ ತೆಗೆದುಕೊಂಡೆ.

ಖಾಜಾಸಾಬ್ ಗ್ಯಾರೇಜಿನಲ್ಲಿ ಒಂದು ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದರು. ಮಗಳ ಹಿಂದೆ ನಾನು ಬಂದದ್ದನ್ನು ನೋಡಿ ಗಾಬರಿಯಾದರು. ಏನೂ ಆಗಿಲ್ಲ ಎಂದೆ. ಸ್ಟೂಲಿನ ಮೇಲಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಪತ್ರ ಬರೆದದ್ದು, ಮುಚ್ಚಿಟ್ಟದ್ದು, ಕರಿಸಿದ್ದಪ್ಪನವರು ಹೇಳಿದ್ದು, ನಾಳೆ ಶನಿವಾರ ಎನ್ನುವುದು. ಅವರು ಒಂದು ನಟ್ಟನ್ನು ಕೈಯಲ್ಲಿ ತಿರುಗಿಸುತ್ತ ಕೇಳಿಸಿಕೊಂಡರು.

"ಒಂಬತ್ತು ಮಂದಿ ಸಹಿ ಮಾಡೀವಿ ಮೇಡಂನೋರ," ಅಂದರು. "ಪಕ್ಕೀರಮ್ಮ ಹೆಬ್ಬಟ್ಟು ಒತ್ತಾಕ ಅವತ್ತಿನ ಕೂಲಿ ಬಿಟ್ಟು ಬಂದಿದ್ಲು. ಇಷ್ಟೂ ಮಂದಿ ಸಹಿ ಸಾಲಂಗಿಲ್ಲ ಅಂತ ನೀವ ಬರದು ಕಳಿಸಿದಂಗಾತು."

"ಹಾಗಲ್ಲ ಅಣ್ಣಾರ."

"ಹಂಗ ಐತ್ರಿ."

ನಾನು ವಸೂಲಿಯ ಮಾತು ಹೇಳಿದೆ. ಹಿಂದಿನ ಹೆಡ್‌ಮಾಸ್ಟರ ಬಾಗಿಲಿನ ಕಥೆ ಹೇಳಿದೆ. ಅಪ್ಪನ ಮಾತನ್ನು ಹೇಳಲಿಲ್ಲ.

"ಅಂದ್ರ ನಿಮಗ ಅಂಜಿಕಿ."

ಹೌದು ಎಂದೆ.

"ಅದನ್ನ ಮೊದಲ ಹೇಳಿದ್ರ ಆಗ್ತಿತ್ತಲ್ರಿ. ಅಂಜಿಕಿ ಯಾರಿಗಿಲ್ಲ. ಕೆಲಸ ನಡದೈತಿ ಅಂದ್ರಿ. ಅದು ನಾನು ಗಿರಾಕಿಗೆ ಹೇಳೋ ಮಾತು. ಗಾಡಿ ಮುಟ್ಟಿರಂಗಿಲ್ಲ, ಕೆಲಸ ನಡದೈತಿ ಅಂತೀನಿ." ಅವರು ನಟ್ಟನ್ನು ಡಬ್ಬಿಗೆ ಹಾಕಿದರು. "ನನ್ನ ಮುಂದ ನನ್ನ ಮಾತ ಆಡಿದ್ರಿ, ಆವತ್ತ ಗೊತ್ತಾತು ನನಗ."

ವಸೂಲಿ ಬಂದರೆ ನಾವಿದ್ದೇವೆ ಎಂದು ಅವರು ಹೇಳಬಹುದು ಎಂದು ಕಾದೆ. ಹೇಳಲಿಲ್ಲ. ಹೇಳದೇ ಇದ್ದದ್ದು ಒಳ್ಳೆಯದೇ ಆಯಿತು. ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಸಹಿ ನಿಮ್ಮದು, ಅದನ್ನು ನಾನು ಮಾಡಲು ಬರುವುದಿಲ್ಲ ಎಂದಷ್ಟೇ ಹೇಳಿ, ನನಗೆ ತಿರುಗಿ ಹೋಗುವ ಬಸ್ಸಿನ ವೇಳೆ ನೋಡಲು ಹೊರಗೆ ಹೋದರು.

ಅಸ್ಮಾ ಒಳಗಿನಿಂದ ನೀರು ತಂದುಕೊಟ್ಟಳು. ನಾನು ಕುಡಿಯುವವರೆಗೂ ಅಲ್ಲೇ ನಿಂತಿದ್ದಳು.

"ಮಿಸ್, ಆ ತೆಲಿಗಿ ಮಿಸ್ ಬರ್ತಾರೇನ್ರಿ?"

"ಸೋಮವಾರ ಬರ್ತಾರ," ಅಂದೆ.

ನನ್ನ ಬಾಯಿಂದ ಆ ಊರಿನ ಮಾತಿನಲ್ಲೇ ಬಂತು, ಯೋಚಿಸದೆ ಬಂತು. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಆ ಎರಡು ಪದಗಳನ್ನು ಸುತ್ತೋಲೆಯ ವಾಕ್ಯವನ್ನು ಓದಿದ ಹಾಗೆ ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಂಡೆ.

ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆ ಮುಗಿದ ಕೂಡಲೇ ಕೋಣೆಗೆ ಬಂದು ಕೂತೆ. ಆದೇಶ ಅರ್ಧ ಪುಟವೂ ಆಗಲಿಲ್ಲ. ಸಮಿತಿಯ ಠರಾವಿನಂತೆ ಕ್ರಾಂತಿ ಇವರನ್ನು ಗಣಿತ ಶಿಕ್ಷಕಿಯಾಗಿ ನೇಮಿಸಿದೆ, ಸೋಮವಾರದಿಂದ ಹಾಜರಾಗತಕ್ಕದ್ದು. ಅಷ್ಟೇ. ಇನ್ನೂ ಏನೋ ಬರೆಯಬೇಕು ಎಂದು ಪೆನ್ನು ಕಾಗದದ ಮೇಲೇ ನಿಂತಿತ್ತು. ಬರೆಯಲು ಏನೂ ಇರಲಿಲ್ಲ. ಸಹಿ ಮಾಡಿ ಸೀಲು ಹಾಕುವಾಗ ಸೀಲು ಸ್ವಲ್ಪ ಓರೆಯಾಗಿ ಬಿತ್ತು. ಬೇರೆ ಕಾಗದದಲ್ಲಿ ಮತ್ತೆ ಬರೆಯೋಣವೇ ಅನಿಸಿತು. ಬರೆದರೆ ಮತ್ತೆ ಸಹಿ ಮಾಡುವ ಧೈರ್ಯ ಉಳಿದಿರುತ್ತದೆ ಎಂಬ ನಂಬಿಕೆ ಇರಲಿಲ್ಲ. ಓರೆಯಾದದ್ದನ್ನೇ ಇಟ್ಟುಕೊಂಡೆ.

ಪಾಲಾಕ್ಷ ಪ್ರತಿ ಯಾರ್ಯಾರಿಗೆ ಎಂದು ಕೇಳಿದ. ಒಂದು ಕ್ರಾಂತಿಗೆ, ಒಂದು ಫೈಲಿಗೆ, ಒಂದು ಕಚೇರಿಗೆ ಮಾಹಿತಿಗಾಗಿ ಎಂದೆ. ಅವನು ಕಾಗದವನ್ನು ಓದಿ, "ಕೇಳೋದು ಏನೂ ಇಲ್ಲಲ್ರಿ ಇದ್ರಾಗ," ಎಂದ. ಇಲ್ಲ ಎಂದೆ. ಅವನು ಹಿಂದೆಮುಂದೆ ತಿರುಗಿಸಿ ಇನ್ನೊಮ್ಮೆ ನೋಡಿ ಒಯ್ದ.

ಕ್ರಾಂತಿಗೆ ಫೋನು ಮಾಡಿದೆ. ಆದೇಶ ಆಗಿದೆ ಎಂದೆ. ಎರಡು ವಾರ ನಾನು ಹೇಳಿದ ಮಾತುಗಳು ಅವಳ ನೆನಪಿನಲ್ಲಿದ್ದವು. ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ, ನೋಡಿ ಹೇಳುತ್ತೇನೆ ಎಂದಳು. ಹಾಕಿದೆ. ನೀಲಿ ಗೆರೆ ಬಿದ್ದು ಮುಕ್ಕಾಲು ಗಂಟೆಯಾದರೂ ಉತ್ತರ ಬರಲಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಬೀಗದ ಕೈಗಳನ್ನೆಲ್ಲ ಬಿಚ್ಚಿ ಬೇರೆ ಬಳೆಗೆ ಹಾಕಿದೆ, ಹಾಜರಿ ಪುಸ್ತಕಕ್ಕೆ ಗೆರೆ ಎಳೆದೆ, ಎಳೆದ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದೆ. ಆಮೇಲೆ ಸಂದೇಶ ಬಂತು: ಅವರಿಗೆ ಬೇಡ ಅಂತ ಹೇಳಿದೆ ಮೇಡಂ. ಸೋಮವಾರ ಬರ್ತೀನಿ. ತೆಲಿಗಿಯಿಂದ ಬಸ್ ಬದಲಿಸಿ ಬರೋದು, ಹತ್ತು ನಿಮಿಷ ತಡ ಆದ್ರೆ ಅನುಮತಿ ಕೊಡ್ರಿ.

ಕೊಟ್ಟೆ. ನಾನು ಕೊಟ್ಟ ಮೊದಲ ಅನುಮತಿ ಅದೇ ಇರಬೇಕು.

ಸೋಮವಾರ ಅವಳು ತಡವಾಗಲಿಲ್ಲ. ಹತ್ತನೇ ತರಗತಿಗೆ ಎರಡನೇ ಪಿರಿಯಡ್ಡು, ಒಂಬತ್ತನೆಯವರಿಗೆ ಮೂರನೆಯದು ಎಂದು ವೇಳಾಪಟ್ಟಿ ಬದಲಿಸಿದೆ. ಮೌನೇಶ್ ಸರ್ ನಮ್ಮ ಶಾಲೆಯ ಪಾಲಿನ ಪೆಟ್ರೋಲು ಉಳಿಯಿತು ಎಂದು ಸಂತೋಷಪಟ್ಟು, ತಮ್ಮ ಹಳೆಯ ಗ್ರಾಫ್ ಬೋರ್ಡನ್ನು ಕ್ರಾಂತಿಗೆ ಬಿಟ್ಟುಕೊಟ್ಟರು.

ಬುಧವಾರದ ಟಪಾಲಿನಲ್ಲಿ ಲಕೋಟೆ ಬಂತು. ಎರಡನೇ ಪಿರಿಯಡ್ಡು ನಡೆಯುತ್ತಿತ್ತು. ಏನಿದೆ ಎಂದು ಗೊತ್ತಿದ್ದರೂ ಒಡೆದು ಓದಿದೆ. ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ದಿನಾಂಕ ಸೋಮವಾರದ್ದೂ ಅಲ್ಲ, ಮಂಗಳವಾರದ್ದು. ಎದ್ದು ವರಾಂಡಕ್ಕೆ ಹೋದೆ. ಕಟ್ಟೆಯ ಮೇಲೆ ಬಸ್ ಬೆಂಚಿನವರ ಚಪ್ಪಲಿಗಳೂ ಉಳಿದವುಗಳ ಜೊತೆ ಇದ್ದವು. ಹೊರಗೆ ಬಿಡಿ ಎಂದು ಯಾರೂ ಹೇಳಿರಲಿಲ್ಲ. ಒಳಗೆ ಅಸ್ಮಾ ಲೆಕ್ಕ ಮುಗಿಸಿ ಕೆಳಗೆ ಗೆರೆ ಎಳೆದಿದ್ದಳು. ಎಳೆದ ಮೇಲೂ ಗೋಡೆ ಗಡಿಯಾರ ನೋಡಿದಳು. ಬೆಂಚಿನ ಕೆಳಗೆ ಅವಳ ಬರಿಗಾಲು ಅಭ್ಯಾಸಬಲದಿಂದ ಏನನ್ನೋ ಹುಡುಕುತ್ತಿತ್ತು.

ಕೋಣೆಗೆ ಬಂದು ಉತ್ತರ ಬರೆದೆ. ತಮ್ಮ ಪತ್ರ ತಲುಪುವ ಮೊದಲೇ ಸುತ್ತೋಲೆಯಂತೆ ನೇಮಕವಾಗಿದ್ದು, ಸದರಿ ಶಿಕ್ಷಕಿ ಕರ್ತವ್ಯದಲ್ಲಿದ್ದಾರೆ. ಈಗಿನ ಸ್ಥಿತಿ ಇದು, ಇದನ್ನೇ ಕಾಯ್ದುಕೊಳ್ಳಲಾಗುತ್ತಿದೆ. ನನ್ನ ಹಿಂದಿನ ಪತ್ರದಲ್ಲಿ ಅನುಮತಿ ಕೋರಿದ್ದು ನನ್ನ ತಪ್ಪು. ಕೊನೆಯ ವಾಕ್ಯವನ್ನು ತೆಗೆದುಬಿಡಬೇಕೆಂದು ಎರಡು ಸಲ ಅನಿಸಿತು. ತೆಗೆಯಲಿಲ್ಲ. ಎಲ್ಲಾದರೂ ಏನನ್ನಾದರೂ ಬೇಡಿದ್ದೇನೆಯೇ ಎಂದು ಮೂರು ಸಲ ಓದಿ ಪಾಲಾಕ್ಷನಿಗೆ ಕೊಟ್ಟೆ. ಇದಕ್ಕೆ ಉತ್ತರ ಇನ್ನೂ ಬಂದಿಲ್ಲ. ಆಡಿಟ್ ಬರುವುದು ಮುಂದಿನ ವರ್ಷ. ಲಕೋಟೆಯ ಸದ್ದಿಗೆ ಈಗಲೂ ತಲೆ ಎತ್ತುತ್ತೇನೆ.

ಗಣಿತ ಬೆಳಿಗ್ಗೆಗೆ ಹೋದ ಮೇಲೆ ಹತ್ತನೇ ತರಗತಿಯ ಕೊನೆಯ ಪಿರಿಯಡ್ಡು ಯಾರದ್ದು ಎಂಬ ಪ್ರಶ್ನೆ ಎದ್ದಿತ್ತು. ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಚಹಾ ಲೋಟದೊಳಗೆ ನೋಡಿದರು. ಆಟಕ್ಕೆ ಇಡೋಣ ಎಂದರೆ ಬಸ್ಸಿನ ಹುಡುಗಿಯರಿಗೆ ಆಟವೂ ಅರ್ಧವಾಗುತ್ತದೆ. ಕೊನೆಗೆ ನನ್ನ ಸಮಾಜ ವಿಜ್ಞಾನವನ್ನೇ ಅಲ್ಲಿಗೆ ಹಾಕಿಕೊಂಡೆ.

ಈಗ ನಾಲ್ಕಕ್ಕೆ ಐದು ನಿಮಿಷ ಇರುವಾಗ ನನ್ನ ಪಾಠದ ನಡುವೆ ಏಳು ಜನ ಏಳುತ್ತಾರೆ. ಬೋರ್ಡಿನ ಕಡೆ ತಿರುಗದೆ ನಿಲ್ಲುತ್ತೇನೆ. ಅವರು ಹೊರಗೆ ಚಪ್ಪಲಿ ಹಾಕಿಕೊಳ್ಳುವವರೆಗೆ ಸುಮ್ಮನಿದ್ದು, ನಿಲ್ಲಿಸಿದ ವಾಕ್ಯ ಯಾವುದೆಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡುತ್ತೇನೆ. ಮರುದಿನ ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ಮಕ್ಕಳು ಇದು ನಿನ್ನೆ ಆಯಿತು ಎಂದು ಗೊಣಗುತ್ತಾರೆ. ಗೊಣಗಲಿ ಎಂದು ಬಿಟ್ಟಿದ್ದೇನೆ. ಇದಕ್ಕೆ ಯಾರನ್ನೂ ಕೇಳಿಲ್ಲ.